ಒಂದು ಸಾಲು ಕಡಿಮೆ

ಎಲ್ಲಕ್ಕೂ ಮೂಲ ಎರಡೇ ಎರಡು ಸಾಲಿನ ಒಂದು ಕಾಗದ. ಬೆಳಿಗ್ಗೆ ಏಳೂವರೆಗೆ, ಬಾಯಿತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡು ವಿಷಾದಪ್ಪ ಫೋನು ತೆರೆದಾಗ ಅದು ಬಂದು ಕೂತಿತ್ತು. 'ನಿಮ್ಮ ಅರ್ಜಿ ಆಯ್ಕೆಯಾಗಿಲ್ಲ. ಈ ವಿಳಾಸಕ್ಕೆ ಉತ್ತರ ಬರೆಯಬೇಡಿ.'

ಮೊದಲ ಸಾಲು ಅವನಿಗೆ ಹೊಸದಲ್ಲ. ನಕ್ಷೆ ರಚನೆಯಲ್ಲಿ ಎಂ.ಎಸ್ಸಿ. ಮಾಡಬೇಕೆಂದು ಈ ವರ್ಷ ಏಳು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದ. ಐದು ಕಡೆಯವರು ಆಗಲೇ ಇಲ್ಲ ಎಂದಿದ್ದರು, ಇದು ಆರನೆಯದು. ಚುಚ್ಚಿದ್ದು ಎರಡನೆಯ ಸಾಲು. ಅವನೇನು ಉತ್ತರ ಬರೆಯಲು ತುದಿಗಾಲಲ್ಲಿ ನಿಂತಿರಲಿಲ್ಲ. ಆದರೂ ಕೇಳುವ ಮೊದಲೇ ಬೇಡ ಎಂದರೆ ಯಾರಿಗಾದರೂ ಉರಿಯುತ್ತದೆ. ಆ ಉರಿಯಲ್ಲಿ ನೊರೆಯನ್ನು ನುಂಗಿಯೇಬಿಟ್ಟ.

"ಏನೋ ಕೆಮ್ತಿದೀಯಾ? ಮತ್ತೊಂದು ಬಂತಾ?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಬಂತಮ್ಮ. ಸೀಟು ಇಲ್ಲ ಅಂದ್ರು. ಉತ್ತರಾನೂ ಬರೀಬೇಡ ಅಂದ್ರು."

"ಅಷ್ಟೊಂದು ಓದ್ಕೊಂಡೋರಿಗೆ ಮಾತಾಡೋ ರೀತಿ ಗೊತ್ತಿಲ್ವಲ್ಲೋ! ಹೋಗ್ಲಿ ಬಾ, ತಿಂಡಿ ತಿನ್ನು. ಇನ್ನೂ ಒಂದಿದ್ಯಲ್ಲ."

ಇನ್ನೊಂದು ಇತ್ತು. ಅದರ ಫಲಿತಾಂಶ ಬರುವುದು ಇವತ್ತೇ, ಸಂಜೆ ನಾಲ್ಕರ ಹೊತ್ತಿಗೆ. ಅರ್ಜಿ ಹಾಕುತ್ತಿರುವುದು ಇದು ಮೂರನೆಯ ವರ್ಷ. ಈ ಏಳನೆಯದೂ ಕೈಕೊಟ್ಟರೆ ನಕ್ಷೆಯ ಹುಚ್ಚನ್ನೇ ಬಿಟ್ಟುಬಿಡುತ್ತೇನೆಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿ, ಬಾಯಿ ಮುಕ್ಕಳಿಸಿ, ಕೆಲಸಕ್ಕೆ ಹೊರಟ.

ಅವನ ಕೆಲಸದ ವಿಷಯ ಹೇಳಿದರೆ ನೀವು ನಗಬಾರದು. ನೀರಿನ ನಿರ್ವಹಣೆ ಕಲಿಸುವ ಒಂದು ಸ್ನಾತಕೋತ್ತರ ಸಂಸ್ಥೆಯ ಪ್ರವೇಶ ವಿಭಾಗದಲ್ಲಿ ಅವನು ಗುಮಾಸ್ತ. ಸೀಟು ಸಿಕ್ಕವರಿಗೆ ಕಾಗದ ಕಳಿಸುವುದು ಮೇಡಂ. ಸಿಗದವರಿಗೆ ಕಳಿಸುವುದು ಇವನು. ಒಂಬತ್ತು ವರ್ಷ 'ವಿಷಾದದಿಂದ ತಿಳಿಸುತ್ತೇವೆ' ಎಂದು ಬರೆದು ಬರೆದು ಅವನಿಗೆ ವಿಷಾದಪ್ಪ ಎಂದೇ ಹೆಸರಾಗಿತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಆದರೆ ಅದು ನೆನಪಿದ್ದದ್ದು ಅಮ್ಮನಿಗೆ ಮಾತ್ರ.

ಗೇಟಿನಲ್ಲಿ ಕಾವಲುಗಾರ ಅವನ ಮುಖ ನೋಡಿದ್ದೇ ಕುರ್ಚಿಯಿಂದ ಎದ್ದರು. ಇಡೀ ಸಂಸ್ಥೆ ಅವರನ್ನು ಗೇಟ್ ಮಾಮ ಎಂದೇ ಕರೆಯುವುದು.

"ಆರನೇದೂ ಹೋಯ್ತಾ?"

"ನಿಮಗೆ ಹೇಗೆ ಗೊತ್ತಾಯ್ತು ಮಾಮ?"

"ಸೀಟು ಸಿಗದೆ ಹೊರಗೆ ಹೋಗೋ ಮಕ್ಕಳ ಮುಖ ಹೀಗಿರುತ್ತೆ. ನೀವು ಒಳಗೆ ಬರೋವಾಗ್ಲೇ ಹೀಗಿದೀರ."

ವಿಭಾಗದಲ್ಲಿ ಪಟ್ಟಿ ಅಕ್ಕ ಕಾಯುತ್ತಲೇ ಇದ್ದರು. ಅಂಕ, ವಿಳಾಸ, ರಜೆ, ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲದಕ್ಕೂ ಪಟ್ಟಿ ಮಾಡುವ ಹೆಂಗಸು. ತಮ್ಮ ಬೀರುವಿನ ಬಾಗಿಲ ಒಳಗಡೆ ವಿಷಾದಪ್ಪನ ಅರ್ಜಿಗಳಿಗೂ ಒಂದು ಪಟ್ಟಿ ಅಂಟಿಸಿದ್ದರು. ಏಳು ಮನೆ, ಐದು ಕೆಂಪು ಗೀಟು. ಅವನು ಬಾಯಿ ಬಿಡುವ ಮೊದಲೇ ಆರನೆಯ ಗೀಟು ಬಿತ್ತು.

"ಎಷ್ಟು ಹೊತ್ತಿಗೆ ಬಂತು?"

"ಏಳೂವರೆ."

"ನಾನು ಹೇಳಿರ್ಲಿಲ್ವಾ? ಮಧ್ಯಾಹ್ನದ ಊಟಕ್ಕೆ ಮುಂಚೆ ಬಂದ್ರೆ ಇಲ್ಲ ಅಂತಾನೇ. ಊಟ ಆದ್ಮೇಲೆ ಬಂದ್ರೆ ಸೀಟು. ಏಳನೇದು ಯಾವ ವಿಶ್ವವಿದ್ಯಾಲಯ ಅಂತ ಈಗಲಾದ್ರೂ ಹೇಳೋ. ಪಟ್ಟೀಲಿ ಖಾಲಿ ಬಿಟ್ರೆ ನನಗೆ ನಿದ್ದೆ ಬರಲ್ಲ."

"ಇಲ್ಲ ಅಕ್ಕ. ಹೆಸರು ಹೇಳಿದ್ದೆಲ್ಲ ಕೈತಪ್ಪಿದೆ. ಇದೊಂದನ್ನ ಹೇಳಲ್ಲ."

ಅಷ್ಟರಲ್ಲಿ ಮೇಡಂ ಬಂದರು. ವಿಭಾಗದ ಮುಖ್ಯಸ್ಥೆ, ಇಪ್ಪತ್ತೆರಡು ವರ್ಷದ ಅನುಭವ, ನಡೆದು ಬಂದರೆ ಕಡತಗಳೂ ನೆಟ್ಟಗೆ ಕೂರುತ್ತವೆ. "ವಿಷಾದಪ್ಪ, ಆಯ್ಕೆಯಾದ ಇಪ್ಪತ್ಮೂರು ಜನಕ್ಕೆ ನಾನು ನಿನ್ನೇನೇ ಕಳಿಸಿದೀನಿ. ಉಳಿದ ನೂರ ಎಂಬತ್ತೇಳು ಜನಕ್ಕೆ ಹನ್ನೊಂದರೊಳಗೆ ಹೋಗ್ಲಿ," ಎಂದು ತಮ್ಮ ಕೋಣೆ ಸೇರಿದರು.

ವಿಷಾದಪ್ಪ ಹಳೆಯ ಕಾಗದವನ್ನು ತೆರೆದ. ಬರೀ ದಿನಾಂಕ ಬದಲಿಸಿ ಕಳಿಸಿದರೆ ಆಯಿತು, ಒಂಬತ್ತು ವರ್ಷದಿಂದ ಹಾಗೇ ಮಾಡಿದ್ದ. ಇವತ್ತು ಬೆರಳು ಏಳಲಿಲ್ಲ. ನೂರ ಎಂಬತ್ತೇಳು ಮನೆಗಳಲ್ಲಿ ನೂರ ಎಂಬತ್ತೇಳು ಜನ ನೊರೆ ನುಂಗುವುದು ಅವನ ಕಣ್ಣಿಗೆ ಕಟ್ಟಿತು. ಹಳೆಯದನ್ನು ಮುಚ್ಚಿ ಹೊಸದಾಗಿ ಬರೆಯತೊಡಗಿದ.

'ಪ್ರಿಯರೇ, ನಿಮ್ಮ ಅರ್ಜಿಯನ್ನು ಓದಿದೆವು. ಸುಮ್ಮನೆ ಕಣ್ಣಾಡಿಸಲಿಲ್ಲ, ಕೂತು ಓದಿದೆವು. ಓದುತ್ತ ಓದುತ್ತ ನಮ್ಮ ಕಾಫಿ ಆರಿಹೋಯಿತು. ನಿಮ್ಮಂಥವರು ಈ ವಿಷಯ ಕಲಿಯಲು ಮುಂದೆ ಬಂದಿರುವುದೇ ನಮಗೊಂದು ಧೈರ್ಯ. ನಿಮ್ಮನ್ನು ಇಲ್ಲಿಯವರೆಗೆ ಓದಿಸಿದ ಮನೆಯವರಿಗೂ ನಮ್ಮ ಅಭಿನಂದನೆ ತಿಳಿಸಿ.'

ಇದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಆ ಅರ್ಜಿಗಳನ್ನೆಲ್ಲ ಅವನು ನಿಜವಾಗಿಯೂ ಓದಿದ್ದ, ಓದುವುದು ಅವನ ಕೆಲಸವಲ್ಲದಿದ್ದರೂ. ಕಾಫಿಯೂ ಆರಿತ್ತು.

ತೊಂದರೆ ಕೊಟ್ಟದ್ದು ಒಂದೇ ಸಾಲು. 'ಆದರೆ ಈ ವರ್ಷ ನಿಮಗೆ ಸೀಟು ಸಿಕ್ಕಿಲ್ಲ.' ಅದನ್ನು ಮೊದಲಿಗೆ ಇಟ್ಟ. ಒರಟಾಯಿತು. ನಡುವೆ ಇಟ್ಟ. ಕಾಫಿಯ ಮಗ್ಗುಲಲ್ಲಿ ಚೆನ್ನಾಗಿ ಕಾಣಲಿಲ್ಲ. ಕೊನೆಗೆ ಇಟ್ಟ. ಅಭಿನಂದನೆ ಹೇಳಿ ಹಿಂದಿನಿಂದ ನೂಕಿದಂತಾಯಿತು. ಇನ್ನೂ ಒಳ್ಳೆಯ ಜಾಗ ಹುಡುಕೋಣವೆಂದು ಆ ಸಾಲನ್ನು ಕಟ್ ಮಾಡಿದ. ಇನ್ನೇನು ಪೇಸ್ಟ್ ಮಾಡಬೇಕು, ಪಟ್ಟಿ ಅಕ್ಕ ಕೂಗಿದರು: "ವಿಳಾಸದ ಪಟ್ಟಿ ಕಳಿಸಿದೀನಿ ಕಣೋ! ಹತ್ತೂ ಮುಕ್ಕಾಲಾಯ್ತು, ಮೊದ್ಲು ಅದನ್ನ ಹಾಕ್ಕೋ!"

ಅಕ್ಕನ ಮಾತು ಮೀರಿ ಗೊತ್ತಿಲ್ಲದ ವಿಷಾದಪ್ಪ ನೂರ ಎಂಬತ್ತೇಳು ವಿಳಾಸಗಳನ್ನು ಕಾಪಿ ಮಾಡಿ, ಪೇಸ್ಟ್ ಮಾಡಿದ. ಕಟ್ ಮಾಡಿ ಇಟ್ಟಿದ್ದ ಸಾಲು ಅಷ್ಟರಲ್ಲಿ ಹೇಳಹೆಸರಿಲ್ಲದೆ ಹೋಗಿತ್ತು. ಕೊನೆಯದಾಗಿ ಒಮ್ಮೆ ಕಾಗದ ಓದಿಕೊಂಡ. ಎಷ್ಟು ಹಿತವಾಗಿದೆ, ಎಲ್ಲೂ ಚುಚ್ಚುವುದೇ ಇಲ್ಲವಲ್ಲ ಎಂದು ಅವನಿಗೇ ಸೋಜಿಗವಾಯಿತು. ಕಳಿಸಿಬಿಟ್ಟ.

ಕಾಲು ಗಂಟೆಯೊಳಗೆ ಉತ್ತರಗಳು ಬರತೊಡಗಿದವು. 'ತುಂಬಾ ಧನ್ಯವಾದ.' 'ಕಾಗದ ಓದಿ ನಮ್ಮಜ್ಜಿ ಅತ್ತೇಬಿಟ್ಟರು.' 'ನಿಮ್ಮ ಕಾಫಿಗೆ ನಾನೇ ಹೊಣೆ, ಬಂದಾಗ ಕುಡಿಸುತ್ತೇನೆ.' ವಿಷಾದಪ್ಪನ ಎದೆ ಉಬ್ಬಿತು. ಒಂಬತ್ತು ವರ್ಷದಲ್ಲಿ ಅವನಿಗೆ ಬಂದಿದ್ದದ್ದು ಎರಡೇ ಉತ್ತರ, ಎರಡೂ ಬೈಗುಳ.

ಮೇಡಂ ಹೊರಗೆ ಬಂದು, ನಿಂತುಕೊಂಡೇ ಆ ಉತ್ತರಗಳನ್ನು ಓದಿದರು. "ಬೇಡ ಅಂದಿದ್ದಕ್ಕೆ ಥ್ಯಾಂಕ್ಸ್ ಹೇಳೋ ಜನಾನ ನಾನು ಇಲ್ಲಿವರೆಗೆ ನೋಡಿಲ್ಲ. ಏನು ಬರೆದಿದೀರ್ರೀ? ನನಗೂ ಒಂದು ಪ್ರತಿ ಕಳಿಸಿ. ನನ್ನ ಹಳೇ ಸಹಪಾಠಿ ಒಬ್ಳು ಇದೇ ಕೆಲಸದಲ್ಲಿದಾಳೆ, ಜಗಳಕ್ಕೆ ನಿಂತೋರ ಥರ ಬರೀತಾಳೆ. ನೋಡಿ ಕಲೀಲಿ." ಪ್ರತಿ ಬಂದದ್ದೇ ತಡ, ಓದದೆಯೇ ಆ ಸಹಪಾಠಿಗೆ ರವಾನಿಸಿದರು. ಓದುವುದಕ್ಕೇನಿದೆ, ಫಲ ಕಣ್ಣೆದುರೇ ಇತ್ತಲ್ಲ.

ಹನ್ನೆರಡೂವರೆಗೆ ಮೊದಲ ಫೋನು. ಆ ಕಡೆ ಒಬ್ಬ ಹುಡುಗಿ ಬಿಕ್ಕುತ್ತಿದ್ದಳು.

"ಸರ್, ನಾನೇನು ತಪ್ಪು ಮಾಡಿದೀನಿ? ನನಗೆ 'ಮೂಲ ದಾಖಲೆ ಹಾಜರುಪಡಿಸದಿದ್ದಲ್ಲಿ ಶಿಸ್ತುಕ್ರಮ' ಅಂತ ಬರೆದಿದೀರ. ನನ್ನ ಗೆಳತಿಗೆ ನೋಡಿದ್ರೆ ಕಾಫಿ ಆರಿಹೋಯ್ತು, ಮನೆಯವರಿಗೆ ಅಭಿನಂದನೆ ಅಂತೆಲ್ಲ ಬರೆದಿದೀರ!"

"ಅಳಬೇಡಿಮ್ಮ. ನಿಮಗೆ ಬಂದಿರೋದು ಮೇಡಂ ಬರೆದ ಕಾಗದ. ನಿಮಗೆ ಸೀಟು ಸಿಕ್ಕಿದೆ."

"ಹೌದಾ? ಅವಳಿಗೆ?"

"ಅವರಿಗೆ ಸಿಕ್ಕಿಲ್ಲ."

"ಸಿಕ್ಕಿಲ್ವಾ? ಅವಳು ಆಗ್ಲೇ ಬಟ್ಟೆ ಜೋಡಿಸ್ಕೋತಿದಾಳಲ್ಲ ಸರ್!"

ವಿಷಾದಪ್ಪ ಫೋನು ಕೆಳಗಿಟ್ಟ. ತನ್ನ ಕಾಗದ ತೆರೆದು ಹುಡುಕಿದ. 'ಆದರೆ' ಇರಲಿಲ್ಲ. 'ಸೀಟು' ಇರಲಿಲ್ಲ. 'ಸಿಕ್ಕಿಲ್ಲ' ಅಂತೂ ಇರಲೇ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಬರೀ ಅಕ್ಕರೆ.

"ಅಕ್ಕ, ನಾನು ಕಳಿಸಿದ ಕಾಗದ ನೀವು ಓದಿದ್ರಾ?"

"ನಾನ್ಯಾಕೆ ಓದ್ಲಿ? ಅಂಕಿ ನನ್ನದು, ಅಕ್ಷರ ನಿನ್ನದು," ಎಂದರು ಪಟ್ಟಿ ಅಕ್ಕ, ತಲೆಯೆತ್ತದೆ.

ಆಗ ಗೇಟಿನಿಂದ ಕರೆ ಬಂತು. "ಸರ್, ಒಂದು ಹಾಸಿಗೆ ಬಂದಿದೆ," ಎಂದರು ಗೇಟ್ ಮಾಮ.

"ಯಾರ ಹಾಸಿಗೆ?"

"ಸರಿಯಾಗಿ ಕಾಣ್ತಿಲ್ಲ. ಹಾಸಿಗೆ ಕೆಳಗೆ ಯಾರೋ ಇದಾರೆ. ಜೊತೆಗೆ ಒಂದು ಹುಡುಗಿ. ಹಿಂದೆ ಇನ್ನೂ ಮೂರು ಪೆಟ್ಟಿಗೆ ಇಳೀತಿದೆ."

ಮೇಡಂಗೆ ವಿಷಯ ಹೇಳುವಷ್ಟರಲ್ಲಿ ವಿಷಾದಪ್ಪ ಅರ್ಧ ಆಗಿದ್ದ. ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕಿರುಚಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. "ಬರೆದೋರು ನೀವು. ನೀವೇ ಹೋಗಿ ಬಾಯಿಬಿಟ್ಟು ಹೇಳಿ," ಎಂದರು.

ಒಂಬತ್ತು ವರ್ಷದಲ್ಲಿ ಸಾವಿರಾರು ಜನಕ್ಕೆ ಇಲ್ಲ ಎಂದವನು ಅವನು. ಒಬ್ಬರ ಮುಖ ನೋಡಿ ಹೇಳಿದ್ದಿಲ್ಲ.

ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಬಸ್ ಡ್ರೈವರಿನ ಖಾಕಿ ತೊಟ್ಟ ಒಬ್ಬರು ಬೆವರು ಒರೆಸಿಕೊಳ್ಳುತ್ತಿದ್ದರು. ಸುತ್ತಿ ಕಟ್ಟಿದ ಹಾಸಿಗೆ ಅವರ ಪಕ್ಕದಲ್ಲಿ ಮೂರನೆಯ ಮನುಷ್ಯನಂತೆ ಕೂತಿತ್ತು. ಮಗಳು ಎದ್ದು ನಿಂತಳು.

"ಪಕ್ಕದೂರೇ ಸರ್ ನಮ್ದು," ಎಂದರು ಡ್ರೈವರು. "ಇವಳು ಎಂಟು ಕಡೆ ಅರ್ಜಿ ಹಾಕಿದ್ಲು. ಒಂದಾದ್ರೂ ಸಿಕ್ಕೇ ಸಿಗುತ್ತೆ ಅಂತ ಆಗ್ಲೇ ಹಾಸಿಗೆ ಹೊಲಿಸಿಟ್ಟಿದ್ದೆ. ಕಾಗದ ಬಂತು ನೋಡಿ, ನನ್ನ ಬಸ್ಸಲ್ಲೇ ಹಾಕ್ಕೊಂಡು ಬಂದ್ಬಿಟ್ಟೆ."

ವಿಷಾದಪ್ಪ ಬೆಂಚಿನ ತುದಿಗೆ ಕೂತ. ಬಿಸಿಲು, ಪ್ರಯಾಣ, ಬಸ್ಸಿನ ಸಮಯ, ಎಲ್ಲ ವಿಚಾರಿಸಿದ. ಕೇಳುವುದಕ್ಕೆ ಬೇರೇನೂ ಉಳಿಯಲಿಲ್ಲ. "ಒಂದು ಸಾಲು ಕಡಿಮೆ ಇತ್ತು," ಎಂದ ಕೊನೆಗೆ. "ನಿಮ್ಮ ಕಾಗದದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಸೀಟು ಸಿಕ್ಕಿಲ್ಲ ಅನ್ನೋ ಸಾಲು. ತಪ್ಪು ನಂದೇ."

ಡ್ರೈವರು ತಾವು ಪ್ರಿಂಟ್ ಹಾಕಿಸಿ ತಂದಿದ್ದ ಕಾಗದವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಹಾಗಾದ್ರೆ ಇದೆಲ್ಲ ಸುಳ್ಳಾ?"

"ಸುಳ್ಳಲ್ಲ. ಒಂದು ಸಾಲು ಕಡಿಮೆ, ಅಷ್ಟೇ."

ಹುಡುಗಿಯ ಕಣ್ಣು ತುಂಬಿತ್ತು. ಆದರೂ ನೇರವಾಗಿ ಕೇಳಿದಳು: "ನನ್ನ ಅರ್ಜಿ ನಿಜವಾಗ್ಲೂ ಓದಿದ್ರಾ ಸರ್?"

"ನಿಮ್ಮ ಬೀದಿ ನಲ್ಲೀಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು ಅಂತ ಒಂದು ವರ್ಷ ಬರೆದಿಟ್ಟಿದೀರಲ್ಲ, ಅವ್ರಲ್ವಾ ನೀವು? ಮಂಗಳವಾರ ಮಾತ್ರ ಐದು ನಿಮಿಷ ಜಾಸ್ತಿ ಬರುತ್ತೆ, ಯಾಕೆ ಅಂತ ಗೊತ್ತಾಗಿಲ್ಲ, ಕಲಿಯೋಕೆ ಬರ್ತೀನಿ ಅಂತ ಬರೆದಿದ್ರಿ. ಆ ಪುಟ ನಾನು ಎರಡು ಸಲ ಓದ್ದೆ."

ಹುಡುಗಿ ಮೂಗು ಒರೆಸಿಕೊಂಡಳು. "ಎಂಟು ಕಡೇಲಿ ಓದಿರೋದು ನೀವೊಬ್ರೇ ಅನ್ಸುತ್ತೆ," ಎಂದಳು. ಸಣ್ಣದಾಗಿ ನಕ್ಕಳು ಕೂಡ. ವಿಷಾದಪ್ಪನಿಗೆ ಮಾತ್ರ ಅಳು ಬಂತು. ಮಿಕ್ಕ ಮೂರು ಪೆಟ್ಟಿಗೆಯವರಿಗೂ ಒಬ್ಬೊಬ್ಬರಿಗೇ ಹೇಳಿ, ಒಬ್ಬರಿಂದ ಚೆನ್ನಾಗಿ ಬೈಸಿಕೊಂಡು ಒಳಗೆ ಬಂದ.

"ಈ ಸಲ ಒಂದೇ ಸಾಲು. ಇಲ್ಲ ಅನ್ನಿ, ಮುಗಿಸಿ," ಎಂದರು ಮೇಡಂ. ವಿಷಾದಪ್ಪ ತಲೆಯಾಡಿಸಿ, ಐದು ಬರೆದ. 'ಬೆಳಗಿನ ಕಾಗದದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಈ ವರ್ಷ ನಿಮಗೆ ಸೀಟು ಸಿಕ್ಕಿಲ್ಲ. ತಪ್ಪು ನಮ್ಮದು, ಕ್ಷಮಿಸಿ. ಉಳಿದದ್ದೆಲ್ಲ ನಿಜ. ಉತ್ತರ ಬರೆಯಬೇಕೆನಿಸಿದರೆ ಖಂಡಿತ ಬರೆಯಿರಿ.' ಮೇಡಂ ಮೂರು ಸಲ ಓದಿ, 'ಸಿಕ್ಕಿಲ್ಲ' ಇದೆಯೆಂದು ಬೆರಳಿಟ್ಟು ಖಾತ್ರಿ ಮಾಡಿಕೊಂಡರು. ಪಟ್ಟಿ ಅಕ್ಕ ನೂರ ಎಂಬತ್ತೇಳು ವಿಳಾಸ ಎಣಿಸಿದರು. ಮೂರೂ ಕಾಲಿಗೆ ಕಾಗದ ಹೋಯಿತು.

ಊಟವಿಲ್ಲದೆ ಕೂತಿದ್ದ ವಿಷಾದಪ್ಪನ ಫೋನು ಟಿಂಗ್ ಎಂದಾಗ ನಾಲ್ಕು ಗಂಟೆ ಏಳು ನಿಮಿಷ. ಏಳನೆಯದು! ಫೋನನ್ನು ಅಕ್ಕನ ಕಡೆ ಚಾಚಿದ. "ಅಕ್ಕ, ನೀವೇ ನೋಡಿ, ನನ್ನ ಕೈಲಾಗಲ್ಲ."

ಪಟ್ಟಿ ಅಕ್ಕ ಫೋನು ಕಸಿದುಕೊಂಡರು. ಅವರು ಓದುವ ರೀತಿಯೇ ಬೇರೆ. ಆರು ಕಾಗದಗಳ ಅನುಭವದಿಂದ ಅವರ ಕಣ್ಣು ನೇರ 'ಆದರೆ'ಯನ್ನು ಹುಡುಕುತ್ತಿತ್ತು. ಮೇಲಿನಿಂದ ಕೆಳಗೆ ಓಡಿತು. ಕೆಳಗಿನಿಂದ ಮೇಲಕ್ಕೆ ಓಡಿತು.

"ಆದರೆ ಇಲ್ಲ ಕಣೋ!" ಅಕ್ಕ ಕಿರುಚಿದರು. "ವಿಷಾದಾನೂ ಇಲ್ಲ! ಅಭಿನಂದನೆ ಅಂತಿದೆ! ಊಟ ಆದ್ಮೇಲೆ ಬಂದಿದೆ, ನಾನು ಹೇಳಿರ್ಲಿಲ್ವಾ!"

ಆಮೇಲಿನ ಹತ್ತು ನಿಮಿಷ ವಿಭಾಗದಲ್ಲಿ ಯಾರ ಮಾತು ಯಾರಿಗೂ ಕೇಳಲಿಲ್ಲ. ಅಕ್ಕ ಅವನ ಫೋನಿನಿಂದಲೇ ಅವನ ಅಮ್ಮನಿಗೆ ಸುದ್ದಿ ಮುಟ್ಟಿಸಿದರು. ಮೇಡಂ ಬೆಳಗಿನದನ್ನೆಲ್ಲ ಮರೆತು ಬೀರು ತೆರೆದು, ಯಾವುದೋ ವಿಚಾರ ಸಂಕಿರಣದಲ್ಲಿ ಉಳಿದಿದ್ದ ಹೊಸ ಪ್ರಯಾಣದ ಚೀಲವೊಂದನ್ನು ಅವನ ಹೆಗಲಿಗೆ ಹಾಕಿದರು. "ಇವತ್ತೇ ರಾಜೀನಾಮೆ ಬರೆದುಕೊಡಿ, ನಾನೇ ಸಹಿ ಮಾಡಿಸ್ತೀನಿ. ಮನಸ್ಸು ಬದಲಾಯಿಸ್ಬೇಡಿ," ಎಂದರು. ವಿಷಾದಪ್ಪ ನಗುತ್ತಲೇ ಬರೆದುಕೊಟ್ಟ. ಅಷ್ಟು ಸಲೀಸಾಗಿ ಅವನು ಯಾವ ಕಾಗದವನ್ನೂ ಬರೆದಿರಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ಕುರ್ಚಿಯಲ್ಲಿ ಹಿಂದಕ್ಕೊರಗಿ, ತನ್ನ ಕಾಗದವನ್ನು ನಿಧಾನವಾಗಿ ಸವಿಯೋಣವೆಂದು ತೆರೆದ.

'ಪ್ರಿಯರೇ, ನಿಮ್ಮ ಅರ್ಜಿಯನ್ನು ಓದಿದೆವು. ಸುಮ್ಮನೆ ಕಣ್ಣಾಡಿಸಲಿಲ್ಲ...'

ಅವನ ನಗು ಮುಖದಲ್ಲೇ ನಿಂತುಬಿಟ್ಟಿತು. ಮುಂದಿನ ಸಾಲನ್ನು ಜೋರಾಗಿಯೇ ಓದಿದ: "ಓದುತ್ತ ಓದುತ್ತ ನಮ್ಮ ಕಾಫಿ ಆರಿಹೋಯಿತು."

ಮೇಡಂ ತಿರುಗಿ ನೋಡಿದರು. ಬಂದು ಫೋನು ತೆಗೆದುಕೊಂಡು ಕೊನೆಯಲ್ಲಿದ್ದ ಸಹಿ ನೋಡಿದರು. ಕನ್ನಡಕ ತೆಗೆದರು.

"ಇವಳಾ? ಇವಳೇ ನನ್ನ ಸಹಪಾಠಿ! ಇವಳು ಹುಟ್ಟಿದಾಗಿನಿಂದ ಕಾಫಿ ಮುಟ್ಟಿದೋಳೇ ಅಲ್ಲ!" ಎಂದರು. ಆಮೇಲೆ ಬಹಳ ಮೆಲ್ಲಗೆ, "ಬೆಳಿಗ್ಗೆ ನಾನೇ ಕಳಿಸಿದ್ದು. ಈ ಗಲಾಟೇಲಿ, ತಡಿ ಕಳಿಸ್ಬೇಡ ಅಂತ ಅವಳಿಗೆ ಹೇಳೋದು ಮರೆತೇ ಹೋಯ್ತು ಕಣ್ರೀ. ನಿಮ್ಮ ಏಳನೇದು ಅವಳ ಕಡೇದೇ ಅಂತ ಒಂದು ಮಾತು ಹೇಳೋದಲ್ವಾ?"

ವಿಷಾದಪ್ಪ ಪಟ್ಟಿ ಅಕ್ಕನ ಕಡೆ ನೋಡಿದ. ಅಕ್ಕ ಬೀರುವಿನ ಬಾಗಿಲು ತೆರೆದು, ಕೆಂಪು ಪೆನ್ಸಿಲ್ ಹಿಡಿದು, ಗೀಟು ಹಾಕಲಾರದೆ ನಿಂತಿದ್ದರು.

ಅಷ್ಟರಲ್ಲಿ ಆ ಸಹಪಾಠಿಯದೇ ಫೋನು. ಅಲ್ಲೂ ಗೇಟಿನ ಮುಂದೆ ಅಕ್ಕಪಕ್ಕದ ಬೀದಿಯವರ ಪೆಟ್ಟಿಗೆಗಳು ಆಗಲೇ ಇಳಿಯುತ್ತಿದ್ದವಂತೆ. ಮೇಡಂ ಸಮಾಧಾನ ಹೇಳಿ ಫೋನಿಟ್ಟರು. ವಿಷಾದಪ್ಪನ ಮುಖ ನೋಡುವ ಧೈರ್ಯವಾಗದೆ ಕಿಟಕಿಯ ಕಡೆ ತಿರುಗಿ ಕೇಳಿದರು: "ಆ ಎರಡನೇ ಕಾಗದ ಇದ್ಯಲ್ಲ, ಅದನ್ನ ಅವಳಿಗೆ..."

ವಿಷಾದಪ್ಪನೇ ಕಳಿಸಿದ. ಹತ್ತು ನಿಮಿಷದಲ್ಲಿ ಅದು ಅವನಿಗೇ ಬಂತು, ಒಂದಕ್ಷರ ಬದಲಾಗದೆ. 'ಈ ವರ್ಷ ನಿಮಗೆ ಸೀಟು ಸಿಕ್ಕಿಲ್ಲ. ತಪ್ಪು ನಮ್ಮದು, ಕ್ಷಮಿಸಿ. ಉಳಿದದ್ದೆಲ್ಲ ನಿಜ.' ಉಳಿದದ್ದೆಲ್ಲ ನಿಜವೋ ಅಲ್ಲವೋ ಎಂದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೇ. ಅವನ ಅರ್ಜಿಯನ್ನು ಅಲ್ಲಿ ಯಾರು ಓದಿದ್ದರು, ಯಾರ ಕಾಫಿ ಆರಿತ್ತು? ಆರು ಕಾಗದಗಳಿಗಿಂತ ಇದು ಹೆಚ್ಚು ನೋವು ಕೊಟ್ಟಿತು. ಉತ್ತರ ಬರೆಯಬಹುದೆಂದು ತಾನೇ ಬರೆದಿದ್ದನಲ್ಲ, ಬರೆದ: 'ಕಾಗದ ಚೆನ್ನಾಗಿದೆ.' ತಕ್ಷಣ ಮರುತ್ತರ ಬಂತು: 'ಇದನ್ನು ಬರೆದವರು ಬೇರೆಯವರು. ಮುಂದಿನ ವರ್ಷದಿಂದ ನಮ್ಮ ಇಂಥ ಕಾಗದಗಳನ್ನೆಲ್ಲ ಅವರಿಂದಲೇ ಬರೆಸಬೇಕೆಂದಿದ್ದೇವೆ.'

ಮೇಡಂ ರಾಜೀನಾಮೆಯನ್ನು ಹರಿದು ಬುಟ್ಟಿಗೆ ಹಾಕಿದರು. ಚೀಲವನ್ನು ವಾಪಸ್ ಕೇಳಲಿಲ್ಲ.

ಐದೂವರೆಗೆ ಅವನು ಆ ಖಾಲಿ ಚೀಲವನ್ನು ಹೆಗಲಿಗೇರಿಸಿ ಗೇಟಿಗೆ ಬಂದಾಗ ಅಮ್ಮನ ಫೋನು. "ಬೀದಿಗೆಲ್ಲಾ ಹೇಳ್ಬಿಟ್ಟೆ ಕಣೋ! ಎದುರುಮನೆಯವರು, ಮೇಲ್ಮನೆಯವರು, ಬಟ್ಟೆ ಇಸ್ತ್ರಿಯವನು, ಎಲ್ರಿಗೂ!"

"ಅಮ್ಮ, ಸೀಟು ಸಿಕ್ಕಿಲ್ಲ. ಒಂದು ಸಾಲು ಬಿಟ್ಟುಹೋಗಿತ್ತು."

"ಹಾಗಂತ ಹೇಳಿದ್ರೆ ಜನ ನಗಲ್ವೇನೋ?" ಎಂದಳು. ಮತ್ತೆ ತಾನೇ, "ನಗ್ಲಿ ಬಿಡು. ಬೇಗ ಬಾ, ಮಧ್ಯಾಹ್ನ ಊಟಾನೂ ಮಾಡಿರಲ್ಲ ನೀನು."

ಫೋನಿಟ್ಟು ತಲೆಯೆತ್ತಿದರೆ, ಗೇಟ್ ಮಾಮನ ಪುಟ್ಟ ಕೋಣೆಯೊಳಗೆ ಸುತ್ತಿ ಕಟ್ಟಿದ ಹಾಸಿಗೆ ಗೋಡೆಗೆ ಒರಗಿ ನಿಂತಿತ್ತು.

"ಇದೇನು ಮಾಮ, ಬಿಟ್ಟುಹೋದ್ರಾ?"

"ಬಿಟ್ಟುಹೋಗಿಲ್ಲ, ಇಟ್ಟುಹೋದ್ರು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತಾಳಂತೆ ಹುಡುಗಿ. ಹೇಗಿದ್ರೂ ಬರೋದೇ, ಸುಮ್ನೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರೋದ್ಯಾಕೆ ಅಂದ್ರು ಅವರಪ್ಪ." ಗೇಟ್ ಮಾಮ ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ಏಳನೇದೂ ಹೋಯ್ತಾ?"

"ಹೋಯ್ತು ಮಾಮ."

ವಿಷಾದಪ್ಪ ಹಾಸಿಗೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ. ಬೆಳಿಗ್ಗೆ ಕನ್ನಡಿಯ ಮುಂದೆ ಮಾಡಿದ ಶಪಥ ನೆನಪಾಯಿತು. ಅದನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಹೆಗಲಿನ ಚೀಲ ಇಳಿಸಿ, ಧೂಳು ಕೊಡವಿ, ಗೇಟ್ ಮಾಮನ ಕೈಗಿತ್ತ.

"ಇದನ್ನೂ ಅದರ ಪಕ್ಕದಲ್ಲೇ ಇಡಿ."